ಹಳೆ ಮೀನುಬಲೆಯಿಂದ ಸ್ಟೂಲ್: ಕೊನೆಗೂ ಗಟ್ಟಿಯಾಗಿ ನಿಂತಿತು

"ಬಲೆ ಕರಗಿಸಿ ಸ್ಟೂಲ್ ಮಾಡ್ತೀರಾ? ಕೂತರೆ ಮುರಿಯುತ್ತೆ" ಅಂದವರೇ ಜಾಸ್ತಿ. 2 ವರ್ಷದ ಹಿಂದೆ ಮಾಡಿದ್ದು ಈಗಲೂ ನನ್ನ ಬಚ್ಚಲಲ್ಲಿದೆ. ದಿನಾ ನೀರು ಬೀಳುತ್ತದೆ, ದಿನಾ ಅದರ ಮೇಲೇ ಕೂರುತ್ತೇವೆ. ಒಂದು ಬಿರುಕೂ ಬಿಟ್ಟಿಲ್ಲ.

ಅದಕ್ಕೂ ಮೊದಲು 11 ಅಥವಾ 12 ಸ್ಟೂಲು ಹಾಳಾದವು. ನೈಲಾನ್ ಮತ್ತು ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಬಲೆ ಬೆರೆಸಿದ್ದೇ ತಪ್ಪು. ಎಚ್‌ಡಿಪಿಇ 130 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ನೈಲಾನ್‌ಗೆ 220 ಆದರೂ ಬೇಕು. ಮುರಿದ ಹಲಗೆಯೊಳಗೆ ನೈಲಾನ್ ಎಳೆಗಳು ನೂಲಿನ ಹಾಗೇ ಇದ್ದವು. ಉಗುರಲ್ಲಿ ಎಳೆದರೆ ಕಿತ್ತು ಬರುತ್ತಿದ್ದವು. ಈಗ ಪ್ರತಿ ಬಲೆಯದ್ದೂ ಒಂದು ತುಂಡು ಬಕೆಟ್ ನೀರಿಗೆ ಹಾಕುತ್ತೇನೆ: ಎಚ್‌ಡಿಪಿಇ ತೇಲುತ್ತದೆ, ನೈಲಾನ್ ಮುಳುಗುತ್ತದೆ. ನೀರೊಳಗೆ ಹಿಂಡಿ ಗಾಳಿ ಬಿಡಿಸಬೇಕು, ಇಲ್ಲದಿದ್ದರೆ ನೈಲಾನ್ ಕೂಡ ತೇಲಿ ಮೋಸ ಮಾಡುತ್ತದೆ. ಮುಳುಗಿದ್ದೆಲ್ಲ ಪಕ್ಕಕ್ಕೆ. ತೇಲುವ ಹಗ್ಗಗಳಲ್ಲಿ ಪಿಪಿಯೂ (ಪಾಲಿಪ್ರೊಪಿಲೀನ್, ಇನ್ನೊಂದು ಪ್ಲಾಸ್ಟಿಕ್) ಇರುತ್ತದೆ, ಅದನ್ನೂ ಬೇರೆ ಇಡುತ್ತೇನೆ.

ದುಡ್ಡು ಸುರಿದದ್ದು ಬಲೆ ತುಂಡರಿಸುವ ಯಂತ್ರಕ್ಕೆ, ಅಂದರೆ ಶ್ರೆಡರ್‌ಗೆ. ಬಲೆ ಶಾಫ್ಟಿಗೆ ಸುತ್ತಿಕೊಂಡು ಮೋಟಾರ್ ಸುಟ್ಟಿತು. ರೀವೈಂಡಿಂಗ್ ಮಾಡಿಸಿದೆ, ತಿಂಗಳೊಳಗೆ ಮತ್ತೆ ಸುಟ್ಟಿತು. ಮರಳು ಬ್ಲೇಡುಗಳನ್ನೇ ಸವೆಸಿತು. ಹಾಕಿದ ಹಣದಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲೇ ಹೋಯಿತು. ಕೊನೆಗೆ ಬಲೆಯನ್ನು ಬಿಗಿಯಾಗಿ ಮಡಚಿ, ಅರೆಬರೆ ಕಾಯಿಸಿ ಗಟ್ಟಿ ಮುದ್ದೆ ಮಾಡಿಕೊಂಡು ಆಮೇಲೆ ತುಂಡರಿಸಿದೆ. ಸುತ್ತಿಕೊಳ್ಳುವ ಕಾಟವೇ ಹೋಯಿತು. ಎಷ್ಟು ಕಾಯಿಸಬೇಕು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಅಂಚಿನ ಹಗ್ಗವನ್ನು ಮಾತ್ರ ಬೆರಳಲ್ಲಿ ಸವರಿಯೇ ನೋಡಿ. ಬಲೆ ಮುಳುಗಲೆಂದು ಕಟ್ಟಿದ ಸೀಸದ ಒಂದು ಗುಂಡೂ ಉಳಿಯಬಾರದು. ಪಾಚಿ ಕಟ್ಟದಿರಲೆಂದು ತಾಮ್ರ ಬೆರೆತ ಬಣ್ಣ ಬಳಿದ ಬಲೆ ನಾನು ಮುಟ್ಟುವುದೇ ಇಲ್ಲ. ತಟ್ಟೆ, ಲೋಟ ಮಾಡಿಕೊಡಿ ಅಂತ ಕೇಳುತ್ತಾರೆ. ಮಾಡಲ್ಲ.

ತುಂಡುಗಳನ್ನು ಅಚ್ಚಿಗೆ ಹಾಕಿ ಕರಗಿಸುವಾಗ ಓವನ್ 180 ಡಿಗ್ರಿ ಹತ್ತಿರ ಇಡುತ್ತೇನೆ. ಬಿಸಿ ಇರುವಾಗಲೇ ಅಚ್ಚು ಬಿಚ್ಚಿದರೆ ಹಲಗೆ ದೋಣಿಯ ಹಾಗೆ ಬಾಗುತ್ತದೆ. ಜ್ಯಾಕ್ ಬಿಗಿದು ರಾತ್ರಿಯಿಡೀ ಬಿಡಿ. ಆರುತ್ತಾ ಕುಗ್ಗುತ್ತದೆ, ನಡುನಡುವೆ ಎದ್ದು ಬಿಗಿಮಾಡಬೇಕು.

ನಡುವೆ ಹಗ್ಗದಿಂದ ಕಾಲೊರಸು ಹೆಣೆದೆ. ನೋಡೋಕೆ ಚೆಂದ, ಆದರೆ ಯಾವಾಗಲೂ ಒದ್ದೆ ಒದ್ದೆ. ಉಪ್ಪು ತೇವ ಎಳೆಯುತ್ತಿತ್ತು. 3 ಸಲ ಸಿಹಿನೀರಲ್ಲಿ ನೆನೆಸಿ ತೊಳೆದ ಮೇಲೆ ಸರಿಹೋಯಿತು.

ಒಂದು ಸ್ಟೂಲಿಗೆ 3 ಕೆಜಿ ಬಲೆ ಹಿಡಿಯುತ್ತದೆ. ಇಲ್ಲಿಯವರೆಗೆ 40ರ ಹತ್ತಿರ ಮಾರಿದ್ದೇನೆ, ಸುಟ್ಟ ಮೋಟಾರಿನ ದುಡ್ಡು ವಾಪಸ್ ಬಂದಿದೆ. ಮುಳುಗಿದ ನೈಲಾನ್ ಮೂಲೆಯಲ್ಲಿ ರಾಶಿ ಬಿದ್ದಿದೆ. ಅದು ತೇವ ಹೀರುತ್ತದೆ, ಒಣಗಿಸದೆ ಕರಗಿಸಿದರೆ ಬರೀ ಗುಳ್ಳೆ. ಈಗ ಅದಕ್ಕೊಂದು ಒಣಗಿಸುವ ಪೆಟ್ಟಿಗೆ ಕಟ್ಟುತ್ತಿದ್ದೇನೆ.