ಮೆಲಟೋನಿನ್ ನರಕೋಶವನ್ನು ಉಳಿಸುತ್ತದೆಯೇ? ಪ್ಲೇಟಿನಲ್ಲಿ ಪರೀಕ್ಷಿಸುವ ಬಗೆ

ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕೋಶಗಳನ್ನು ಕೊಲ್ಲುವುದು ಸುಲಭ. ದೇಹದ ಹಾರ್ಮೋನಾದ ಮೆಲಟೋನಿನ್ ಹಾಕಿದಾಗ ಅವು ಬದುಕಿದರೆ, ಏಕೆ ಬದುಕಿದವು ಎಂದು ಹೇಳುವುದೇ ಕಷ್ಟ. ಮೈಟೊಕಾಂಡ್ರಿಯದಿಂದ ಸೈಟೊಕ್ರೋಮ್ ಸಿ ಪ್ರೋಟೀನ್ ಸೋರದೆ, ಕೋಶವನ್ನು ಸಾವಿಗೆ ತಳ್ಳುವ ಕ್ಯಾಸ್ಪೇಸ್ ಕಿಣ್ವಗಳು ಚುರುಕಾಗದೆ ಇದ್ದರೆ ಅದು ಕೋಶದ ರಕ್ಷಣೆ. ಹೊರಗಿನ ಮೀಡಿಯಂನಲ್ಲೇ (ಕೋಶ ಬೆಳೆಸುವ ದ್ರವ) ಪೆರಾಕ್ಸೈಡ್ ಮುಗಿದುಹೋಗಿದ್ದರೆ ಅದು ಬರೀ ರಸಾಯನಕ್ರಿಯೆ.

ಮೆಲಟೋನಿನ್ ನೀರಿನಲ್ಲಿ ಸರಿಯಾಗಿ ಕರಗದು. 23.2 ಮಿಲಿಗ್ರಾಂ ಪುಡಿಯನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಒಟ್ಟು 1 ಮಿಲಿಲೀಟರ್ ಮಾಡಿದರೆ 100 ಮಿಲಿಮೋಲಾರ್ ದ್ರಾವಣ. ಬೆಳಕಿಗೆ ಕೆಡುವುದರಿಂದ ಫಾಯಿಲ್ ಸುತ್ತಿ, ಸಣ್ಣ ಪಾಲುಗಳಾಗಿ ಮೈನಸ್ 20 ಡಿಗ್ರಿಯಲ್ಲಿಡಿ. ಕೋಶಗಳ ಮೇಲೆ ಡಿಎಂಎಸ್‌ಒ ಶೇ 0.1 ಮೀರಬಾರದು, ಮೆಲಟೋನಿನ್ ಇಲ್ಲದ ವೆಲ್‌ಗಳಿಗೂ (ಪ್ಲೇಟಿನ ಸಣ್ಣ ಗುಳಿಗಳು) ಅಷ್ಟೇ ಡಿಎಂಎಸ್‌ಒ ಹಾಕಿ.

96 ವೆಲ್‌ಗಳ ಪ್ಲೇಟಿನಲ್ಲಿ ವೆಲ್‌ಗೆ 15,000 ಎಸ್‌ಎಚ್-ಎಸ್‌ವೈ5ವೈ (ಮಾನವನ ನರಗಡ್ಡೆಯಿಂದ ಬೆಳೆಸಿದ, ನರಕೋಶದಂಥ) ಕೋಶಗಳನ್ನು 100 ಮೈಕ್ರೊಲೀಟರ್‌ನಲ್ಲಿ ಬಿತ್ತಿ, 24 ಗಂಟೆ ಬಿಡಿ. ಪೆರಾಕ್ಸೈಡ್‌ನ ಶೇ 30ರ ಬಾಟಲಿ ಸುಮಾರು 9.8 ಮೋಲಾರ್, ದುರ್ಬಲಗೊಳಿಸಿದ್ದನ್ನು ಮರುದಿನಕ್ಕೆ ಇಡಬೇಡಿ. ಮೊದಲು 50ರಿಂದ 800 ಮೈಕ್ರೊಮೋಲಾರ್‌ವರೆಗೆ ಹಾಕಿ ನೋಡಿ, 24 ಗಂಟೆಯಲ್ಲಿ ಅರ್ಧದಷ್ಟು ಕೋಶ ಸಾಯುವ ಪ್ರಮಾಣ ಗುರುತಿಸಿಕೊಳ್ಳಿ. ಎಷ್ಟು ಹಾಕಿದರೂ ಸಾಯುತ್ತಿಲ್ಲವೇ? ಮೀಡಿಯಂನ ಲೇಬಲ್ ಓದಿ. ಸೋಡಿಯಂ ಪೈರುವೇಟ್ ಇದ್ದರೆ ಅದೇ ಪೆರಾಕ್ಸೈಡನ್ನು ನುಂಗುತ್ತಿದೆ. ವಾರಗಟ್ಟಲೆ ಕೆಲಸ ಇಲ್ಲಿಯೇ ಹಾಳಾಗುವುದುಂಟು.

ಈಗ ಮುಖ್ಯ ಹಂತ. 1 ನ್ಯಾನೊಮೋಲಾರ್, 100 ನ್ಯಾನೊಮೋಲಾರ್, 10 ಮತ್ತು 100 ಮೈಕ್ರೊಮೋಲಾರ್ ಮೆಲಟೋನಿನ್ 2 ಗಂಟೆ ಕೊಡಿ. ಬಳಿಕ ಅರ್ಧ ವೆಲ್‌ಗಳನ್ನು ತೊಳೆದು ಹೊಸ ಮೀಡಿಯಂ ಹಾಕಿ, ಇನ್ನರ್ಧವನ್ನು ಹಾಗೇ ಬಿಟ್ಟು, ಎಲ್ಲಕ್ಕೂ ಪೆರಾಕ್ಸೈಡ್ ಸೇರಿಸಿ. ಈ ಕೋಶಗಳು ಸಡಿಲವಾಗಿ ಅಂಟಿರುತ್ತವೆ, ಪಿಪೆಟ್ ತುದಿಯನ್ನು ಗೋಡೆಗೆ ತಾಗಿಸಿಯೇ ಹನಿಸಿ. ತೊಳೆದ ಮೇಲೂ ಕೋಶ ಉಳಿದರೆ ರಕ್ಷಣೆ ಕೋಶದೊಳಗಿನದು ಎನ್ನಲು ಬಲ ಬರುತ್ತದೆ. ತೊಳೆಯದವುಗಳಲ್ಲಿ ಮಾತ್ರ ಉಳಿದರೆ ಅನುಮಾನ ಇರಲಿ. ಮೆಲಟೋನಿನ್ ಗ್ರಾಹಕಗಳನ್ನು ತಡೆಯುವ ಲುಜಿಂಡೋಲ್ ಸೇರಿಸಿದ ಗುಂಪೊಂದು ಇದ್ದರೆ ಆ ಗ್ರಾಹಕಗಳ ಪಾತ್ರವೂ ತಿಳಿಯುತ್ತದೆ.

ಅಳೆಯಲು ಎಂಟಿಟಿ (ಬದುಕಿರುವ ಕೋಶ ನೇರಳೆ ಹರಳಾಗಿಸುವ ಹಳದಿ ಬಣ್ಣ) ಮಿಲಿಲೀಟರಿಗೆ 0.5 ಮಿಲಿಗ್ರಾಂ, 3 ಗಂಟೆ. ಹರಳನ್ನು ಡಿಎಂಎಸ್‌ಒದಲ್ಲಿ ಕರಗಿಸಿ 570 ನ್ಯಾನೊಮೀಟರ್‌ನಲ್ಲಿ ಓದಿ. ಕೋಶವಿಲ್ಲದ ವೆಲ್‌ಗಳಿಗೂ ಮೆಲಟೋನಿನ್ ಮತ್ತು ಎಂಟಿಟಿ ಹಾಕಿ. ಅಲ್ಲೂ ನೇರಳೆ ಬಂದರೆ ಆ ಬಣ್ಣ ಕೋಶದ್ದಲ್ಲ. ಎಂಟಿಟಿ ಅಳೆಯುವುದು ಚಯಾಪಚಯವನ್ನು, ಸಾವನ್ನಲ್ಲ. ಆದ್ದರಿಂದ ಕೋಶದ ಪೊರೆ ಒಡೆದಾಗ ಮೀಡಿಯಂಗೆ ಸೋರಿದ ಎಲ್‌ಡಿಎಚ್ ಕಿಣ್ವವನ್ನೂ ನೋಡಲೇಬೇಕು.

ರಾತ್ರಿ ಹೊತ್ತು ರಕ್ತದಲ್ಲಿ ಮಿಲಿಲೀಟರಿಗೆ 100 ಪಿಕೊಗ್ರಾಂ ಮೆಲಟೋನಿನ್ ಇದ್ದರೆ ಅದು ಸುಮಾರು 0.4 ನ್ಯಾನೊಮೋಲಾರ್. 10 ಮೈಕ್ರೊಮೋಲಾರ್ ಅದರ 25,000 ಪಟ್ಟು. ಫಲ ಅಲ್ಲಿ ಮಾತ್ರ ಕಂಡರೆ, ಅದನ್ನು ದೇಹದ ಹಾರ್ಮೋನಿನ ಕೆಲಸವೆಂದು ಬರೆಯಬೇಡಿ.