ಕಾರ್ಡಿನ ನಂಬರ್ ಬಿಟ್ಟು ವ್ಯಾಟ್ ಹಿಡಿದೆ: ಆನಿಮೇಷನ್‌ಗೂ ಗೇಮಿಗೂ ಒಂದೇ ಲ್ಯಾಪ್‌ಟಾಪ್ ಆರಿಸಿದ ನನ್ನ ಅನುಭವ

ಕೊನೇ ವರ್ಷದ ಫಿಲ್ಮು ಪೂರ್ತಿ ನನ್ನ ಲ್ಯಾಪ್‌ಟಾಪಿನಲ್ಲೇ ರೆಂಡರ್ ಆಗಿ (3ಡಿ ಸೀನಿನಿಂದ ಅಂತಿಮ ಚಿತ್ರಗಳಾಗಿ) ಮುಗಿಯಿತು. ಹೆಚ್ಚುಕಡಿಮೆ ಮೂರು ನಿಮಿಷ. ಸೆಕೆಂಡಿಗೆ 24ರ ಲೆಕ್ಕದಲ್ಲಿ 4,300 ಫ್ರೇಮಿನ ಆಸುಪಾಸು, ಎಲ್ಲವೂ ಸೈಕಲ್ಸ್, ಅಂದರೆ ಬ್ಲೆಂಡರ್ ಎಂಬ 3ಡಿ ತಂತ್ರಾಂಶದ ರೆಂಡರ್ ಎಂಜಿನ್. ಲ್ಯಾಬಿನ ಯಂತ್ರಕ್ಕಾಗಿ ಸರದಿ ಕಾಯಲಿಲ್ಲ, ಬಾಡಿಗೆಯ ರೆಂಡರ್ ಫಾರ್ಮಿಗೆ ದುಡ್ಡು ಕಟ್ಟಲಿಲ್ಲ. ಈ ಯಂತ್ರ ಕೊಳ್ಳುವಾಗ ಮೂಗು ಮುರಿದವರೇ ಈಗ "ಅದೇನೋ ಟೆಸ್ಟ್ ಮಾಡ್ತಿದ್ದೆಯಲ್ಲ, ಆ ಫೈಲ್ ಕಳಿಸು" ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಬರೆದುಬಿಡೋಣ ಅನ್ನಿಸಿತು.

ನಾನು ಕೊಂಡಿದ್ದು ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡು ಇರುವ, ದಪ್ಪಗಿನ, ಎರಡೂವರೆ ಕೆಜಿ ಮೀರಿದ ಯಂತ್ರ. ಜೊತೆಯವರು ಕೈ ಹಾಕಿದ್ದು 4070 ಇರುವ ತೆಳ್ಳಗಿನದಕ್ಕೆ. ಬೆಲೆ ನನ್ನದಕ್ಕಿಂತ ಕಾಲು ಭಾಗ ಜಾಸ್ತಿ ಇತ್ತು ಅಂತ ನೆನಪು. "ಇನ್ನೊಂಚೂರು ಹಾಕಿದ್ರೆ 4070 ಬರುತ್ತಲ್ಲೋ, ಈ ಇಟ್ಟಿಗೆ ಯಾಕೋ?" ಅಂತ ಒಬ್ಬ ಕೇಳಿದ. ಸೀನಿಯರ್ ಒಬ್ಬರು ಬೆಂಚ್‌ಮಾರ್ಕ್ ಪಟ್ಟಿ (ಕಾರ್ಡುಗಳ ವೇಗ ಪರೀಕ್ಷೆಯ ಅಂಕಗಳು) ತೆಗೆದು ತೋರಿಸಿ, "ಇಲ್ಲಿ ಮೇಲಿದೆ, ಮುಗೀತಲ್ಲ" ಅಂದರು. ಆ ಪಟ್ಟಿಯಲ್ಲಿ ಒಂದು ಕಾರ್ಡಿಗೆ ಒಂದೇ ಸಾಲು ಇರುತ್ತದೆ. ಅದೇ ಕಾರ್ಡು ಎಂಥ ಪೆಟ್ಟಿಗೆಯೊಳಗೆ ಕೂತಿದೆ, ಎಷ್ಟು ಹೊತ್ತು ಓಡಿತು ಅನ್ನುವುದು ಅದರಲ್ಲಿ ಸಿಗುವುದಿಲ್ಲ.

ಲ್ಯಾಪ್‌ಟಾಪಿನ 4060 ಇರಲಿ, 4070 ಇರಲಿ, ಅದರ ತಯಾರಕ ಎನ್ವಿಡಿಯಾ ಕೊಟ್ಟಿರುವ ವಿದ್ಯುತ್ತಿನ ವ್ಯಾಪ್ತಿ 35ರಿಂದ 115 ವ್ಯಾಟ್. ಪ್ರೊಸೆಸರ್ ಬಳಸದೆ ಉಳಿದ ವ್ಯಾಟನ್ನು ಕಾರ್ಡಿಗೆ ಕೊಡುವ ಡೈನಮಿಕ್ ಬೂಸ್ಟ್ ಸೇರಿದರೆ 140ರವರೆಗೂ ಹೋಗುತ್ತದೆ. ಅಂದರೆ ಒಂದೇ ಹೆಸರಿನ ಎರಡು ಕಾರ್ಡುಗಳ ನಡುವೆ ಮೂರು ಪಟ್ಟು ವಿದ್ಯುತ್ತಿನ ಅಂತರ ಇರಬಹುದು. ಹಿಂದೆ ಕಡಿಮೆ ವ್ಯಾಟಿನದರ ಹೆಸರಿನಲ್ಲೇ ಮ್ಯಾಕ್ಸ್-ಕ್ಯೂ ಅಂತ ಇರುತ್ತಿತ್ತು, ನೋಡಿದ ಕೂಡಲೇ ಗೊತ್ತಾಗುತ್ತಿತ್ತು. 30 ಸರಣಿಯಿಂದ ಆ ಗುರುತೂ ಹೋಯಿತು. ಈಗ ಸ್ಪೆಕ್ ಶೀಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಟಿಜಿಪಿ (ಕಾರ್ಡಿಗೆ ಸಿಗುವ ಒಟ್ಟು ವ್ಯಾಟ್) ಅಂತ ಹುಡುಕಬೇಕು. ಅಲ್ಲೂ ಬರೆದಿಲ್ಲ ಅಂದರೆ ಆ ಮಾಡೆಲ್ಲನ್ನು ನಾನು ಅಲ್ಲಿಗೇ ಬಿಟ್ಟುಬಿಡುತ್ತೇನೆ.

ಟಿಜಿಪಿ ಬರೆದಿದ್ದರೂ ಅರ್ಧ ಉತ್ತರ ಮಾತ್ರ. ಅಷ್ಟು ವ್ಯಾಟನ್ನು ಅರ್ಧ ಗಂಟೆ ಬಿಟ್ಟ ಮೇಲೂ ತಡೆದುಕೊಳ್ಳುತ್ತದೆಯೇ? ರೆಂಡರ್ ಮಾಡುವವರಿಗೆ ಬೇಕಾದ ಉತ್ತರ ಅದು. ಐದು ನಿಮಿಷದ ಬೆಂಚ್‌ಮಾರ್ಕ್ ಮುಗಿಯುವ ಹೊತ್ತಿಗೆ ಇಡೀ ಯಂತ್ರ ಪೂರ್ತಿ ಬಿಸಿ ಆಗಿರುವುದಿಲ್ಲ.

ನಾನು ಮಾಡಿದ್ದು ಇಷ್ಟು. ಒಂದು ಚಿಕ್ಕ ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿ ಬ್ಲೆಂಡರಿನ ಜಿಪ್ ಆವೃತ್ತಿ (ಇನ್‌ಸ್ಟಾಲ್ ಮಾಡುವುದೇ ಬೇಡ, ಬಿಚ್ಚಿ ಓಡಿಸಿದರಾಯಿತು), ಬಿಸಿ, ವ್ಯಾಟ್ ತೋರಿಸುವ ಎಚ್‌ಡಬ್ಲ್ಯೂಇನ್ಫೊ ಪೋರ್ಟಬಲ್, ಮತ್ತೆ ನನ್ನದೇ ಒಂದು ಸೀನ್. ಪರಿಚಯದವರ ಲ್ಯಾಪ್‌ಟಾಪು, ಅಂಗಡಿಯ ಡೆಮೊ ಪೀಸು, ಸಿಕ್ಕಿದ್ದರಲ್ಲೆಲ್ಲ ಇದನ್ನು ಓಡಿಸಿದೆ. ಎಷ್ಟೋ ಕಡೆ ಬಿಡಲಿಲ್ಲ. ಬಿಟ್ಟ ಕಡೆಯೂ ನಲವತ್ತು ನಿಮಿಷ ಅಂದ ತಕ್ಷಣ ಮುಖ ಸಣ್ಣದಾಗುತ್ತಿತ್ತು. ಆದರೂ ಹಟ ಹಿಡಿದು ಕೂತೆ. ಡೆಮೊ ಪೀಸಿನಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ಎಚ್‌ಡಬ್ಲ್ಯೂಇನ್ಫೊ ಓಡುವುದಿಲ್ಲ. ಚಿಂತೆ ಬೇಡ, ಅದಿಲ್ಲದೆಯೂ ಕೆಲಸ ಆಗುತ್ತದೆ.

ಬ್ಲೆಂಡರಿನ ಔಟ್‌ಪುಟ್ ಟ್ಯಾಬಿನಲ್ಲಿ ಮೆಟಾಡೇಟಾ ತೆರೆದು ರೆಂಡರ್ ಟೈಮ್ ಟಿಕ್ ಮಾಡಿ, ಕೆಳಗೆ ಬರ್ನ್ ಇನ್‌ಟು ಇಮೇಜ್ ಕೂಡ ಹಾಕಿ. ಪ್ರತಿ ಪಿಎನ್‌ಜಿಯ ಮೂಲೆಯಲ್ಲಿ ಆ ಫ್ರೇಮಿಗೆ ಹಿಡಿದ ಸಮಯ ಅಚ್ಚಾಗಿ ಬರುತ್ತದೆ. ನಾಯ್ಸ್ ಥ್ರೆಶೋಲ್ಡ್ (ಸಾಕೆನಿಸಿದ ಕಡೆ ಲೆಕ್ಕವನ್ನು ಬೇಗ ನಿಲ್ಲಿಸುವ ಸೆಟ್ಟಿಂಗ್) ಆಫ್ ಮಾಡಿ ಸ್ಯಾಂಪಲ್ ಸಂಖ್ಯೆ (ಪ್ರತಿ ಪಿಕ್ಸೆಲ್ಲಿಗೆ ಎಷ್ಟು ಸಲ ಲೆಕ್ಕ ಅನ್ನುವುದು) ಕಟ್ಟಿಹಾಕಬೇಕು, ಕ್ಯಾಮೆರಾ ಆಗಲಿ ಸೀನಿನೊಳಗಿನ ಯಾವುದೇ ಆಗಲಿ ಅಲ್ಲಾಡಬಾರದು. ಆಗ ಎಲ್ಲ ಫ್ರೇಮಿನ ಕೆಲಸವೂ ಒಂದೇ, ವ್ಯತ್ಯಾಸ ಏನಿದ್ದರೂ ಯಂತ್ರದ್ದು. ಮೊದಲ ಫ್ರೇಮನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕರ್ನಲ್ (ಕಾರ್ಡಿನಲ್ಲಿ ಓಡುವ ರೆಂಡರ್ ಪ್ರೋಗ್ರಾಂ) ಲೋಡ್ ಆಗುವುದಕ್ಕೇ ಅದರ ಸಮಯ ಹೋಗಿರುತ್ತದೆ. ಎರಡನೇ ಫ್ರೇಮನ್ನೂ ಅರ್ಧ ಗಂಟೆಯ ನಂತರದ ಫ್ರೇಮನ್ನೂ ಪಕ್ಕ ಪಕ್ಕ ಇಟ್ಟು ಮೂಲೆಯ ಅಂಕಿ ಓದಿ. ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ನಿಧಾನವಾಗಿದ್ದರೆ ನಾನು ಬೇಡ ಅಂದೆ.

ಸೀನಿನಲ್ಲಿ ಏನೇನಿದೆ ಅಂತ ಎಲ್ಲರೂ ಕೇಳುತ್ತಾರೆ. ಕೂದಲಿದೆ, ಹೊಗೆ ಇದೆ, ಅದರಾಚೆ ಹೇಳುವುದಿಲ್ಲ. ನಿಮ್ಮ ಫಿಲ್ಮಿನ ಅತಿ ಭಾರದ ಶಾಟ್ ಯಾವುದೋ ಅದನ್ನೇ ಇಟ್ಟುಕೊಳ್ಳಿ, ನನ್ನದಕ್ಕಿಂತ ಸರಿಯಾದ ಉತ್ತರ ಕೊಡುತ್ತದೆ.

ತೆಳ್ಳಗಿನ 4070ರಲ್ಲಿ ಎರಡನೇ ಫ್ರೇಮ್ 68 ಸೆಕೆಂಡಿನ ಸುಮಾರಿಗೆ ಬಂತು. ನನ್ನ 4060ರಲ್ಲಿ 74. ಆ ಹೊತ್ತಿಗೆ ನಿಲ್ಲಿಸಿದ್ದರೆ ಜೊತೆಯವರು ಹೇಳಿದ್ದೇ ಸರಿ ಆಗುತ್ತಿತ್ತು. ಅರ್ಧ ಗಂಟೆ ಕಳೆಯಿತು. ತೆಳ್ಳಗಿನದರ ಕಾರ್ಡು 85 ವ್ಯಾಟಿನಿಂದ ಐವತ್ತರ ಆಸುಪಾಸಿಗೆ ಇಳಿದಿತ್ತು, ಫ್ರೇಮಿಗೆ 97 ಸೆಕೆಂಡು. ನನ್ನದರಲ್ಲಿ 77. 4,300 ಫ್ರೇಮಿಗೆ ಗುಣಿಸಿ ನೋಡಿ: ಒಂದು ಕಡೆ 92 ಗಂಟೆ, ಇನ್ನೊಂದು ಕಡೆ 116. ಸಬ್‌ಮಿಷನ್ ವಾರದಲ್ಲಿ ಒಂದು ಇಡೀ ದಿನದ ಬೆಲೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಅದೂ ಕಡಿಮೆ ದುಡ್ಡು ಕೊಟ್ಟು.

ಇನ್ನೊಂದು ಯಂತ್ರ ನೋಡಿದ್ದೆ, ಅದರ ಕಥೆ ಬೇರೆ. ಕಾಗದದ ಮೇಲೆ ಎಲ್ಲ ಸರಿ: 140 ವ್ಯಾಟ್, ದೊಡ್ಡ ಪ್ರೊಸೆಸರ್. ಆದರೆ ಕಾರ್ಡು, ಪ್ರೊಸೆಸರ್ ಎರಡಕ್ಕೂ ಬಿಸಿ ಹೊರಗೆ ಸಾಗಿಸುವ ಹೀಟ್‌ಪೈಪು ಒಂದೇ. ಹೊಗೆಯ ಸಿಮ್ಯುಲೇಶನ್ ಬೇಕ್ ಆಗುತ್ತಾ (ಅದರ ಚಲನೆಯನ್ನು ಮೊದಲೇ ಲೆಕ್ಕ ಹಾಕಿಡುವಾಗ) ಪ್ರೊಸೆಸರ್ 100 ಡಿಗ್ರಿ ಮುಟ್ಟಿದರೆ ಗ್ರಾಫಿಕ್ಸಿಗೆ ಉಸಿರಾಡಲು ಜಾಗವಿಲ್ಲ. ಗೇಮಿನಲ್ಲಂತೂ ಎರಡೂ ಒಟ್ಟಿಗೆ ಬಿಸಿಯಾಗುತ್ತವೆ, ಹಾಗಾಗಿ ಅಲ್ಲಿ ಫ್ರೇಮ್ ರೇಟ್ ಏರಿಳಿದು ಜಗ್ಗುತ್ತಿತ್ತು. ಪ್ರೊಸೆಸರಿನ ಪವರ್ ಲಿಮಿಟ್ ಇಳಿಸಿದ ಕೂಡಲೇ ಗ್ರಾಫಿಕ್ಸ್ ಮೇಲಕ್ಕೆ ಬಂತು. ಆದರೆ ದೊಡ್ಡ ಪ್ರೊಸೆಸರಿಗೆ ದುಡ್ಡು ಕೊಟ್ಟು ಆಮೇಲೆ ಅದರ ಕತ್ತು ಹಿಸುಕುವುದು ಯಾವ ಲೆಕ್ಕ? ಬಿಟ್ಟೆ. ದೊಡ್ಡ ಪ್ರೊಸೆಸರಿನಿಂದ ಆನಿಮೇಷನ್‌ಗಾದರೂ ಲಾಭವಿದೆಯೇ ಅಂತ ಮಾಯಾ ಎಂಬ ಆನಿಮೇಷನ್ ತಂತ್ರಾಂಶದಲ್ಲಿ ಭಾರೀ ರಿಗ್ (ಪಾತ್ರವನ್ನು ಆಡಿಸುವ ಎಲುಬುಗೂಡು) ಹಾಕಿ ಪ್ಲೇ ಎವ್ರಿ ಫ್ರೇಮ್ ಇಟ್ಟು ಓಡಿಸಿ ನೋಡಿದೆ. ಇಪ್ಪತ್ತನಾಲ್ಕು ಕೋರಿನದಕ್ಕೂ ಎಂಟು ಕೋರಿನದಕ್ಕೂ ನನ್ನ ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ. ಅಲ್ಲಿ ಒಂದೊಂದು ಕೋರಿನ ವೇಗವೇ ಮುಖ್ಯ.

ವಿಡಿಯೊ ಮೆಮೊರಿಯ ವಿಷಯಕ್ಕೆ ಬರುತ್ತೇನೆ. ಲ್ಯಾಪ್‌ಟಾಪಿನ 4060ಕ್ಕೂ 8 ಜಿಬಿ, 4070ಕ್ಕೂ 8 ಜಿಬಿ. ಹೆಚ್ಚಿಗೆ ಕೊಡುವ ದುಡ್ಡಿಗೆ ಇಲ್ಲಿ ಒಂದು ಎಂಬಿ ಕೂಡ ಬರುವುದಿಲ್ಲ. ಆ ಸರಣಿಯಲ್ಲಿ 12 ಬೇಕೆಂದರೆ 4080ಕ್ಕೆ ಹೋಗಬೇಕು. 2025ರಲ್ಲಿ 50 ಸರಣಿ ಬಂದಾಗಲೂ 5060, 5070 ಎರಡಕ್ಕೂ 8, 5070 ಟಿಐಗೆ 12. 4050ರಲ್ಲಿ 6 ಜಿಬಿ; ಗೇಮಿಗೆ ಹೇಗೋ ನಡೆಯುತ್ತದೆ, ಸೈಕಲ್ಸಿಗೆ ನಾನು ಬೇಡ ಅನ್ನುತ್ತೇನೆ. ಲೆಕ್ಕ ಹೀಗೆ: ವಸ್ತುಗಳ ಮೇಲೆ ಹೊದಿಸುವ, ಡಿಸ್ಕಿನಲ್ಲಿ ಮೂರು ಎಂಬಿ ಇರುವ 4ಕೆ (4096 × 4096 ಪಿಕ್ಸೆಲ್) ಜೆಪೆಗ್ ಚಿತ್ರ, ಮೆಮೊರಿಯಲ್ಲಿ ನಾಲ್ಕು ಚಾನೆಲ್ಲಾಗಿ ಬಿಚ್ಚಿಕೊಂಡರೆ 64 ಎಂಬಿ. ಒಂದು ಮಟೀರಿಯಲ್ಲಿಗೆ ಅಂಥ ನಾಲ್ಕು ಅಂದರೆ 256. ಇಪ್ಪತ್ತು ಮಟೀರಿಯಲ್ಲಿಗೆ ಐದು ಜಿಬಿ ಮುಗಿಯಿತು, ಇನ್ನೂ ಜ್ಯಾಮಿಟ್ರಿ ಬಂದಿಲ್ಲ. ಹಿಂದಿನ ಸಾಲಿನ ಮರ, ಗೋಡೆ, ಕಲ್ಲಿಗೆಲ್ಲ 2ಕೆ ಹಾಕಿದೆ. ಅರ್ಧ ಅಳತೆಗೆ ಕಾಲು ಭಾಗ ಮೆಮೊರಿ. ತೆರೆಯ ಮೇಲೆ ಒಬ್ಬರೂ ಗುರುತಿಸಲಿಲ್ಲ.

ಇದರ ಜೊತೆ ಮಕ್ಸ್ ಸ್ವಿಚ್ಚಿನ (ಪರದೆಯನ್ನು ಯಾವ ಗ್ರಾಫಿಕ್ಸ್ ನಡೆಸಬೇಕೆಂದು ಆರಿಸುವುದು) ಒಂದು ಉಪಾಯ. ಗೇಮಿಗೆ ಡಿಸ್ಕ್ರೀಟ್ ಮೋಡ್ (ಪರದೆ ನೇರ ಎನ್ವಿಡಿಯಾ ಕಾರ್ಡಿಗೆ), ಅದು ಎಲ್ಲರಿಗೂ ಗೊತ್ತು. ರೆಂಡರಿಗೆ ಹೈಬ್ರಿಡ್‌ಗೆ ಹಾಕಿ. ಪರದೆಯ ಭಾರವನ್ನು ಒಳಗಿನ ಗ್ರಾಫಿಕ್ಸ್ ಹೊತ್ತುಕೊಳ್ಳುತ್ತದೆ, ಎನ್ವಿಡಿಯಾ ಕಾರ್ಡಿನಲ್ಲಿ ಕೆಲವು ನೂರು ಎಂಬಿ ಉಳಿಯುತ್ತದೆ. ಗೇಮ್ ಲಾಂಚರ್, ಬ್ರೌಸರ್ ಎಲ್ಲ ಮುಚ್ಚಿ. ಮೆಮೊರಿ ಇಲ್ಲ ಅಂತ ರಾತ್ರಿ ಎರಡಕ್ಕೆ ನಿಲ್ಲುತ್ತಿದ್ದ ನನ್ನ ಒಂದು ಶಾಟ್ ಇಷ್ಟರಿಂದಲೇ ಬೆಳಗಿನವರೆಗೆ ಓಡಿತು.

ದುಡ್ಡು ಹಂಚಿದ್ದು ಹೀಗೆ: ಕೈಯಲ್ಲಿದ್ದ ಒಟ್ಟು ಮೊತ್ತದ ಮುಕ್ಕಾಲು ಯಂತ್ರಕ್ಕೆ, ಉಳಿದದ್ದು ಕೈಯಲ್ಲೇ. ಪೂರ್ತಿ ಸುರಿದವರು ಆಮೇಲೆ 16 ಜಿಬಿ ರ‍್ಯಾಮಿನಲ್ಲಿ ಒದ್ದಾಡಿದರು. ಶಾಟ್‌ಗಳನ್ನು ಜೋಡಿಸಿ ಎಫೆಕ್ಟ್ ಕೊಡುವ ಆಫ್ಟರ್ ಎಫೆಕ್ಟ್ಸಿನಲ್ಲಿ ಫುಲ್ ಎಚ್‌ಡಿ, 16 ಬಿಟ್, ಹತ್ತು ಸೆಕೆಂಡಿನ ಪ್ರಿವ್ಯೂಗೇ ಸುಮಾರು 4 ಜಿಬಿ ಹೋಗುತ್ತದೆ. ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದರೆ ಕಾರ್ಡು ಎಷ್ಟೇ ಚೆನ್ನಾಗಿರಲಿ, ನಾನು ಮುಟ್ಟಲಿಲ್ಲ. ನನ್ನದರಲ್ಲಿ ಒಂದೇ 16ರ ಕಡ್ಡಿ ಇತ್ತು, ಎರಡನೆಯದನ್ನು ಬೇರೆ ಕೊಂಡು ನಾನೇ ಹಾಕಿದೆ. ಕಂಪನಿಯೇ 32 ಹಾಕಿಕೊಟ್ಟ ಮಾಡೆಲ್ಲಿಗೂ ನನ್ನದಕ್ಕೂ ಇದ್ದ ಬೆಲೆಯ ವ್ಯತ್ಯಾಸದಲ್ಲಿ ಅಂಥ ಎರಡು ಕಡ್ಡಿ ಬರುತ್ತಿದ್ದವು. ಎರಡು ಕಡ್ಡಿ ಒಟ್ಟಿಗೆ ಓಡಿ ಡ್ಯುಯಲ್ ಚಾನೆಲ್ ಆದ ಮೇಲೆ ಗೇಮಿನಲ್ಲಿ ಕನಿಷ್ಠ ಫ್ರೇಮ್ ರೇಟ್ ಎದ್ದು ಕಾಣುವಷ್ಟು ಏರಿತು, ಸೈಕಲ್ಸಿನಲ್ಲಿ ಏನೂ ಬದಲಾಗಲಿಲ್ಲ.

ಪರದೆಯ ಬಗ್ಗೆ ಒಂದೇ ಮಾತು: ಶೇ 45 ಎನ್‌ಟಿಎಸ್‌ಸಿ (ಬಣ್ಣದ ವ್ಯಾಪ್ತಿಯ ಒಂದು ಅಳತೆ) ಅಂತ ಬರೆದಿದ್ದರೆ 165 ಹರ್ಟ್ಸ್ ಇದ್ದರೂ ಬಿಡಿ. ಪರದೆಗಳ ಸಾಮಾನ್ಯ ಬಣ್ಣದ ಮಾನದಂಡವಾದ ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗವೂ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಅಲ್ಲಿ ಸರಿಮಾಡಿದ ಚರ್ಮದ ಬಣ್ಣ ದೊಡ್ಡ ತೆರೆಯಲ್ಲಿ ಕೆಂಪಾಗಿ ಉರಿಯುತ್ತದೆ.

ಪಕ್ಕದ ಪ್ರಯೋಗಗಳೂ ನಡೆದವು. ಫ್ಯಾನಿರುವ ಕೂಲಿಂಗ್ ಪ್ಯಾಡ್ ತಂದೆ, ಎರಡು ಮೂರು ಡಿಗ್ರಿ ಇಳಿಯಿತು. ಅದನ್ನು ತೆಗೆದು ಹಿಂಭಾಗಕ್ಕೆ ಎರಡು ಮರದ ತುಂಡು ಕೊಟ್ಟು ಎತ್ತಿದರೆ ನಾಲ್ಕೈದು ಇಳಿಯಿತು. ಪ್ಯಾಡಿನ ದುಡ್ಡು ದಂಡ. ಯುಎಸ್‌ಬಿ-ಸಿಯ 100 ವ್ಯಾಟ್ ಚಾರ್ಜರಿನಲ್ಲಿ ರೆಂಡರ್ ಹಾಕಿ ನೋಡಿದೆ: ಕಾರ್ಡು ತಾನಾಗಿ ಇಳಿದುಕೊಂಡಿತು, ಬ್ಯಾಟರಿ ಕೂಡ ಕರಗುತ್ತಾ ಹೋಯಿತು. ತರಗತಿಗೆ ಆ ಚಾರ್ಜರ್ ಸಾಕು, ರೆಂಡರಿಗೆ ಡಬ್ಬದ ಜೊತೆ ಬಂದದ್ದೇ ಬೇಕು. ಯಾವಾಗಲೂ ಪ್ಲಗ್ಗಿನಲ್ಲೇ ಇರುವುದರಿಂದ ಬ್ಯಾಟರಿಯನ್ನು ಶೇ 80ಕ್ಕೆ ನಿಲ್ಲಿಸಿದ್ದೇನೆ. ಗೇಮಿನಲ್ಲಿ ಫ್ರೇಮ್ ರೇಟನ್ನು 90ಕ್ಕೆ ಕಟ್ಟಿದ ಮೇಲೆ ಫ್ಯಾನಿನ ಕಿರುಚಾಟ ಅರ್ಧ ಇಳಿಯಿತು; ರಾತ್ರಿ ಆಡುವಾಗ ಪಕ್ಕದ ಹಾಸಿಗೆಯವನ ಬೈಗುಳವೂ ತಪ್ಪಿತು.

ಇವೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಅಂಡರ್‌ವೋಲ್ಟ್, ಅಂದರೆ ಕಾರ್ಡಿಗೆ ಹೋಗುವ ವೋಲ್ಟೇಜ್ ಇಳಿಸುವುದು. ಕಾರ್ಡಿನ ಸೆಟ್ಟಿಂಗ್ ತಿದ್ದುವ ಆಫ್ಟರ್‌ಬರ್ನರಿನಲ್ಲಿ ಪವರ್ ಲಿಮಿಟ್ ಜಾರುಪಟ್ಟಿ ನನ್ನ ಯಂತ್ರದಲ್ಲಿ ಬೀಗ ಬಿದ್ದಿತ್ತು, ಆದರೆ ವೋಲ್ಟೇಜ್ ಕರ್ವ್ (ಯಾವ ವೋಲ್ಟಿಗೆ ಎಷ್ಟು ವೇಗ ಅನ್ನುವ ಗೆರೆ) ತೆರೆದಿತ್ತು. ಅದನ್ನು ಒಂದು ಮಟ್ಟದಲ್ಲಿ ಚಪ್ಪಟೆ ಮಾಡಿದೆ. ಕಾರ್ಡು 130ರ ಬದಲು 95 ವ್ಯಾಟಿನ ಸುಮಾರು ತಿನ್ನತೊಡಗಿತು. ಫ್ರೇಮಿಗೆ ನಾಲ್ಕೈದು ಸೆಕೆಂಡು ಮಾತ್ರ ಹೆಚ್ಚಾಯಿತು, ಬಿಸಿ ಹತ್ತು ಡಿಗ್ರಿಯಷ್ಟು ಇಳಿಯಿತು. ರಾತ್ರಿಯಿಡೀ ಓಡುವ ರೆಂಡರಿಗೆ ಇದನ್ನೇ ಇಡುತ್ತೇನೆ. ಯಾವ ವೋಲ್ಟಿನಲ್ಲಿ ನಿಲ್ಲಿಸಿದೆ ಅಂತ ಕೇಳಬೇಡಿ, ಒಂದೇ ಮಾಡೆಲ್ಲಿನ ಎರಡು ಚಿಪ್ಪಿಗೂ ಅದು ಬೇರೆ ಬೇರೆ. ಫ್ಯಾನ್ ಕರ್ವನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಗೇಮಿನಲ್ಲಿ ಗಟ್ಟಿ ನಿಂತ ವೋಲ್ಟು ಆಪ್ಟಿಕ್ಸ್ (ಎನ್ವಿಡಿಯಾ ಕಾರ್ಡಿನ ರೇ ಟ್ರೇಸಿಂಗ್ ಬಳಸುವ) ರೆಂಡರಿನಲ್ಲಿ ಮೂರು ಗಂಟೆ ಬಿಟ್ಟು ಕೈಕೊಡುವುದುಂಟು. ಹಾಗಾಗಿ ಗೇಮಿನಲ್ಲಿ ಸಿಕ್ಕ ಮಟ್ಟಕ್ಕಿಂತ ಎರಡು ಮೆಟ್ಟಿಲು ಮೇಲೆ ನಿಲ್ಲಿಸಿ, ಔಟ್‌ಪುಟ್ ಯಾವತ್ತೂ ಇಮೇಜ್ ಸೀಕ್ವೆನ್ಸ್ (ಫ್ರೇಮಿಗೊಂದು ಚಿತ್ರ) ಆಗಿರಲಿ. ನಿಂತರೂ ನಿಂತ ಫ್ರೇಮಿನಿಂದ ಮುಂದುವರಿಸಬಹುದು.

ಅಂಗಡಿಯಲ್ಲಿ ಓಡಿಸಲು ಬಿಡದಿದ್ದರೆ ವಾಪಸ್ ಕೊಡುವ ಅವಕಾಶ ಇರುವ ಕಡೆ ಕೊಳ್ಳಿ, ಆ ಗಡುವಿನೊಳಗೆ ನಲವತ್ತು ನಿಮಿಷ ಓಡಿಸಿ. ಷರತ್ತನ್ನು ದುಡ್ಡು ಕೊಡುವ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ, ಡಬ್ಬ ಬಿಚ್ಚಿದ ಮೇಲೆ ಎಷ್ಟೋ ಕಡೆ ಮಾತು ಬದಲಾಗುತ್ತದೆ. ಮೊದಲ ದಿನ ಡಬ್ಬ, ಪ್ಲಾಸ್ಟಿಕ್, ಟೇಪು ಯಾವುದನ್ನೂ ಬಿಸಾಡಬೇಡಿ.