ಪುಟ್ಟ ಮಕ್ಕಳನ್ನು ಸಂತೆಗೆ ಕರೆದೊಯ್ಯುವ ಬಗೆ

ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಏನನ್ನಾದರೂ ತೋರಿಸಿ ಕಲಿಸಬೇಕೆಂದಾಗ ತಂದೆ ತಾಯಿಯರ ಮನಸ್ಸು ಮೊದಲು ಮೃಗಾಲಯ, ತಾರಾಲಯ, ವಸ್ತುಸಂಗ್ರಹಾಲಯಗಳತ್ತ ಹೊರಳುತ್ತದೆ. ಅವುಗಳನ್ನೂ ತೋರಿಸಬೇಕಾದದ್ದೇ, ಆದರೆ ಅಲ್ಲಿ ಮುಟ್ಟಿ ನೋಡುವುದಕ್ಕೆ ಅವಕಾಶ ಕಡಿಮೆ, ಮಾಡುವುದಕ್ಕೆ ಕೆಲಸವಂತೂ ಇಲ್ಲ. ವಾರದ ಸಂತೆಯಲ್ಲಿ ಎರಡೂ ಸಿಗುತ್ತವೆ. ರಾಜ್ಯದ ಅನೇಕ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ಅಥವಾ ಮೆಟ್ರಿಕ್ ಮೇಳದ ಹೆಸರಿನಲ್ಲಿ ಮಕ್ಕಳೇ ಸೊಪ್ಪು, ತರಕಾರಿ ಮಾರುವ ಪರಿಪಾಠವಿದೆ; ಅದಕ್ಕೂ ಮೊದಲು ಅವರು ನಿಜವಾದ ಸಂತೆಯಲ್ಲಿ ಕೊಳ್ಳುವವರಾಗಿ ನಿಂತಿದ್ದರೆ ಆ ಆಟಕ್ಕೆ ಅರ್ಥ ಬರುತ್ತದೆ.

ಹೊರಡುವ ಮೊದಲು ಮಗುವಿಗೆ ಒಂದು ಕೆಲಸವನ್ನು ಖಚಿತವಾಗಿ ವಹಿಸಿರಿ. 'ಇವತ್ತು ನಿಂಬೆಹಣ್ಣು ತರುವವನು ನೀನು' ಎಂದಷ್ಟೇ ಹೇಳಿ, ಅದರ ಕೈ ಅಳತೆಗೆ ತಕ್ಕ ಸಣ್ಣ ಚೀಲವನ್ನೂ ಕೆಲವು ನಾಣ್ಯಗಳನ್ನೂ ಕೊಟ್ಟರೆ ಸಾಕು. ಉಳಿದ ದಿನ ನೀವು ಫೋನಿನಿಂದ ಹಣ ಪಾವತಿಸುವವರಾದರೂ ಅಂದು ನಗದನ್ನೇ ಬಳಸಿರಿ. ಕ್ಯೂಆರ್ ಕೋಡಿಗೆ ಫೋನು ಹಿಡಿಯುವುದನ್ನು ನೋಡಿದ ಮಗುವಿಗೆ ಹಣ ಕೈ ಬದಲಾಯಿಸಿತೆಂಬುದೂ ಚಿಲ್ಲರೆ ಮರಳಿ ಬರುವುದೆಂಬುದೂ ಕಾಣಿಸುವುದೇ ಇಲ್ಲ. ಹೊತ್ತಿನ ಆಯ್ಕೆಯೂ ಮುಖ್ಯ. ಜನಸಂದಣಿ ಸೇರುವ ಮೊದಲು ಹೋದರೆ ಮಾರುವವರಿಗೆ ಮಗುವಿನೊಡನೆ ಮಾತನಾಡಲು ಬಿಡುವಿರುತ್ತದೆ. ನಿಮ್ಮ ಫೋನ್ ಸಂಖ್ಯೆ ಬರೆದ ಚೀಟಿಯನ್ನು ಮಗುವಿನ ಜೇಬಿನಲ್ಲಿಡಿ, ಕೈ ಬಿಡಬೇಡಿ.

ಸಂತೆಯಲ್ಲಿ ಅತ್ಯಂತ ಹೆಚ್ಚು ಕಲಿಯಲು ಸಿಗುವುದು ಅಳತೆಯ ವಿಷಯದಲ್ಲಿ, ಏಕೆಂದರೆ ಅಲ್ಲಿ ಒಂದೊಂದು ಪದಾರ್ಥಕ್ಕೆ ಒಂದೊಂದು ಲೆಕ್ಕ. ಸೊಪ್ಪು ಕಟ್ಟಿನಲ್ಲಿ, ಬಾಳೆಹಣ್ಣು ಚಿಪ್ಪಿನಲ್ಲಿ, ತೆಂಗಿನಕಾಯಿ ಎಣಿಕೆಯಲ್ಲಿ, ಈರುಳ್ಳಿ ತೂಕದಲ್ಲಿ, ಕಡ್ಲೆಪುರಿ ಇಂದಿಗೂ ಹಲವೆಡೆ ಸೇರಿನಲ್ಲಿ ಬಿಕರಿಯಾಗುತ್ತವೆ. ಇವುಗಳಲ್ಲಿ ಹೂವಿನ ಅಂಗಡಿಯನ್ನು ಮಾತ್ರ ತಪ್ಪಿಸಬೇಡಿ. ಹೂವಾಡಗಿತ್ತಿ ಮೊಣಕೈಯಿಂದ ಬೆರಳ ತುದಿಯವರೆಗೆ ಮಾಲೆಯನ್ನು ಹಿಡಿದು ಒಂದು ಮೊಳ ಎನ್ನುತ್ತಾಳೆ. ಕೊಂಡ ಮಾಲೆಯನ್ನು ಮಗು ತನ್ನ ಕೈಯಲ್ಲಿ ಅಳೆದರೆ ಅದು ಒಂದು ಮೊಳವನ್ನು ಮೀರಿ ಉಳಿಯುತ್ತದೆ. ಹೂವು ಅಷ್ಟೇ ಇರುವಾಗ ಲೆಕ್ಕ ಹೇಗೆ ಬದಲಾಯಿತೆಂದು ಮಗು ತಾನಾಗಿ ಕೇಳುವವರೆಗೆ ಸುಮ್ಮನಿರಿ. ಕೇಳಿದಾಗ ಎರಡು ಕೈಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಸಾಕು. ಎಲ್ಲರಿಗೂ ಒಂದೇ ಅಳತೆ ಏಕೆ ಬೇಕೆಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ. ಆ ಬಳಿಕ ತಕ್ಕಡಿ ಇಟ್ಟುಕೊಂಡವರ ಬಳಿಗೆ ಹೋಗಿ, ಅವರ ಅನುಮತಿ ಪಡೆದು, ಆರು ಮೂಲೆಯ ಕಬ್ಬಿಣದ ಬಟ್ಟೊಂದನ್ನು ಮಗುವಿನ ಕೈಗೆ ಕೊಡಿಸಿರಿ. ಒಂದು ಕಿಲೋ ಎಷ್ಟು ಭಾರವೆಂಬುದು ತೋಳಿಗೆ ತಿಳಿಯುತ್ತದೆ, ಬಟ್ಟಿನ ಅಡಿಯಲ್ಲಿರುವ ಸೀಸದ ಮೇಲಿನ ಸರ್ಕಾರಿ ಮುದ್ರೆಯೂ ಕಾಣಿಸುತ್ತದೆ.

ದೊಡ್ಡವರು ಸಾಮಾನ್ಯವಾಗಿ ಎಡವುವುದು ಮಾತಿನಲ್ಲಿ. ಹೆಜ್ಜೆಹೆಜ್ಜೆಗೂ 'ಇದರ ಬಣ್ಣ ಯಾವುದು, ಇವು ಎಷ್ಟಿವೆ' ಎಂದು ಕೇಳುತ್ತ ಹೋದರೆ ಸಂತೆ ಪರೀಕ್ಷಾ ಕೊಠಡಿಯಾಗುತ್ತದೆ. ಮಗು ಏನನ್ನಾದರೂ ಕೇಳಿದಾಗಲೂ ಉತ್ತರವನ್ನು ನೀವೇ ಹೇಳುವುದಕ್ಕಿಂತ 'ಅಜ್ಜಿಯನ್ನೇ ಕೇಳೋಣ' ಎಂದು ಮಾರುವವರತ್ತ ತಿರುಗಿಸುವುದು ಮೇಲು. ಬೆಳೆ ಬೆಳೆದವರ ಬಾಯಿಂದಲೇ ಬಂದ ಮಾತಿಗೆ ಬೇರೆಯೇ ತೂಕ. ಆದರೆ ಅವರು ವ್ಯಾಪಾರಕ್ಕೆ ಕುಳಿತವರೆಂಬುದನ್ನು ಮರೆಯಬಾರದು: ಕೇಳಿದ ಅಂಗಡಿಯಲ್ಲಿ ಏನಾದರೂ ಕೊಳ್ಳಿರಿ, ಮಗುವಿನ ಮುಂದೆ ಎರಡು ರೂಪಾಯಿಗೆ ಹಟ ಹಿಡಿದು ಚೌಕಾಸಿ ಮಾಡಬೇಡಿ. ಮಗು ದಣಿಯುವ ಮೊದಲೇ ಹಿಂದಿರುಗಿರಿ. ನಿಮ್ಮ ಯೋಜನೆಯನ್ನೆಲ್ಲ ಬದಿಗೊತ್ತಿ ಅದು ಕುರಿಮರಿಗಳ ಮುಂದೆಯೇ ನಿಂತುಬಿಟ್ಟರೆ ಅಲ್ಲಿಯೇ ನಿಲ್ಲಲು ಬಿಡಿರಿ, ನಿಂಬೆಹಣ್ಣು ಮುಂದಿನ ವಾರವೂ ಬರುತ್ತದೆ.

ಮನೆಗೆ ಬಂದ ಮೇಲಿನ ಕೆಲಸವೂ ಕಲಿಕೆಯ ಭಾಗವೇ. ಚಳಿಗಾಲದಲ್ಲಿ ಅವರೆಕಾಯಿ ತಂದಿದ್ದರೆ ಅದೃಷ್ಟ. ಕಾಯಿ ಬಿಡಿಸುವುದು, ಹುಳುಕು ಬೇರ್ಪಡಿಸುವುದು, ನೆನೆಸಿದ ಕಾಳನ್ನು ಹಿಸುಕಿ ಸಿಪ್ಪೆಯಿಂದ ಬೇಳೆಯನ್ನು ಚಿಮ್ಮಿಸುವುದು, ಎಲ್ಲವೂ ಪುಟ್ಟ ಬೆರಳುಗಳಿಗೆ ಹೇಳಿ ಮಾಡಿಸಿದ ಕೆಲಸಗಳು, ಪೆನ್ಸಿಲ್ ಹಿಡಿಯುವುದಕ್ಕೆ ಬೇಕಾದ ಬೆರಳಿನ ಹಿಡಿತವೂ ಇವುಗಳಲ್ಲಿ ಬಲಿಯುತ್ತದೆ. ಕಾಳನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುವ ವಯಸ್ಸಿನ ತಮ್ಮ ತಂಗಿಯರಿದ್ದರೆ ಪಕ್ಕದಲ್ಲಿಯೇ ಕುಳಿತಿರಬೇಕು.

ಮರುದಿನ ಎರಡು ತೆಂಗಿನ ಕರಟ, ಒಂದು ನೇರವಾದ ಕಡ್ಡಿ, ಸ್ವಲ್ಪ ದಾರ ಸೇರಿಸಿ ತಕ್ಕಡಿ ಮಾಡಿಕೊಡಿ. ಕರಟಗಳಿಗೆ ಮೂರು ಮೂರು ತೂತು ಕೊರೆಯುವುದು ದೊಡ್ಡವರ ಕೆಲಸ. ದಾರವನ್ನು ಕಡ್ಡಿಯ ನಡುವೆ ಅತ್ತಿತ್ತ ಸರಿಸಿ ಸಮತೂಕದ ಜಾಗ ಹುಡುಕುವುದನ್ನು ಮಗುವಿಗೆ ಬಿಡಿರಿ. ಹುಣಸೆಬೀಜಗಳೇ ಬಟ್ಟುಗಳಾಗಲಿ. ಒಂದು ನಿಂಬೆಹಣ್ಣಿಗೆ ಎಷ್ಟು ಬೀಜ, ಅಷ್ಟೇ ದೊಡ್ಡದಾಗಿ ಕಾಣುವ ಟೊಮೆಟೊಗೆ ಎಷ್ಟು ಎಂದು ಮೊದಲು ಊಹಿಸಿ ಬಳಿಕ ತೂಗಿ ನೋಡಲಿ. ಲೆಕ್ಕವನ್ನು ಅಂಕಿಗಳಲ್ಲಿ ಬರೆಯಲು ಬಾರದ ಮಗು ಬೀಜಗಳ ಚಿತ್ರ ಬಿಡಿಸಿ ಗುರುತು ಹಾಕಿಕೊಳ್ಳಬಹುದು, ಆ ಹಾಳೆಯನ್ನು ಮುಂದಿನ ಸಂತೆಯವರೆಗೆ ಅಡುಗೆಮನೆಯ ಗೋಡೆಗೆ ಅಂಟಿಸಿಡಿ.